ಬೈಂದೂರಿಗೆ ಹೊರಡುವ ಮುನ್ನ ತಿಥಿ ನೋಡಿ

ಚಿಕ್ಕಮಗಳೂರು, ಹಾಸನದ ಕಡೆಯವರು ಕಡಲಿಗೆ ಹೋಗುವುದು ರಜೆ ನೋಡಿಕೊಂಡು. ಮಲ್ಪೆಗೋ ಮುರ್ಡೇಶ್ವರಕ್ಕೋ ಆದರೆ ಅಷ್ಟು ಸಾಕು. ಬೈಂದೂರಿಗಾದರೆ ಕ್ಯಾಲೆಂಡರಿನಲ್ಲಿ ವಾರದ ಕೆಳಗಿರುವ ತಿಥಿಯನ್ನೂ ನೋಡಬೇಕು. ಅಲ್ಲಿ ನೋಡುವಂಥದ್ದು ಹೊಳೆಬಾಯಿ, ಬಂಡೆ, ಮರಳು. ಉಬ್ಬರದ ಹೊತ್ತಿಗೆ ಹೋದರೆ ಅರ್ಧಕ್ಕರ್ಧ ನೀರಿನಡಿ ಇರುತ್ತದೆ.

ಲೆಕ್ಕ ಸುಲಭ. ನಮ್ಮ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳಂದು ಉಬ್ಬರ ಬೆಳಿಗ್ಗೆ ಹೆಚ್ಚುಕಡಿಮೆ 11ಕ್ಕೆ, ಇಳಿತ ಸಂಜೆ 5ರ ಆಸುಪಾಸಿಗೆ. ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಷ್ಟಮಿಯ ಹೊತ್ತಿಗೆ ಎಲ್ಲ ತಿರುವುಮುರುವಾಗಿ ಸಂಜೆ ನೀರು ತುಂಬಿಕೊಂಡಿರುತ್ತದೆ. ಹಾಗಾಗಿ ಹುಣ್ಣಿಮೆ ಅಥವಾ ಅಮಾವಾಸ್ಯೆಯಿಂದ ಬಿದಿಗೆಯವರೆಗಿನ ಸಂಜೆಗಳೇ ಒಳ್ಳೆಯವು. ಆ ದಿನಗಳಲ್ಲಿ ನೀರು ಹೆಚ್ಚು ಏರಿ, ಹೆಚ್ಚು ಹಿಂದೆ ಸರಿಯುತ್ತದೆ.

ಹೋಗುವ ದಾರಿ ನಿಮಗೆ ಗೊತ್ತಿರುವುದೇ. ಚಿಕ್ಕಮಗಳೂರಿನವರು ಕೊಪ್ಪ, ಆಗುಂಬೆ, ಹೆಬ್ರಿ ಮೇಲೆ ಬ್ರಹ್ಮಾವರಕ್ಕಿಳಿದು ರಾಷ್ಟ್ರೀಯ ಹೆದ್ದಾರಿ 66 ಹಿಡಿದು ಉತ್ತರಕ್ಕೆ ಹೋಗಬಹುದು. ಆಗುಂಬೆಯ 14 ತಿರುವುಗಳನ್ನು ಎರಡನೇ ಗೇರಿನಲ್ಲೇ ಇಳಿಸಿ. ಬ್ರೇಕ್ ಒತ್ತಿಕೊಂಡೇ ಇಳಿದರೆ ಪ್ಯಾಡ್ ಕಾದು, ಸುಟ್ಟ ವಾಸನೆ ಬಂದು, ಬೇಕಾದ ತಿರುವಿನಲ್ಲೇ ಬ್ರೇಕ್ ಹಿಡಿಯುವುದಿಲ್ಲ. ಹಾಸನದವರಿಗೆ ಕಾರೇ ಬೇಡ. ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ರಾತ್ರಿ ಹತ್ತಿದರೆ ಬೆಳಿಗ್ಗೆ ಬೈಂದೂರು. ಟಿಕೆಟ್ ಮಾಡುವಾಗ ನಿಲ್ದಾಣದ ಹೆಸರು ‘ಮೂಕಾಂಬಿಕಾ ರೋಡ್ ಬೈಂದೂರು’ ಎಂದಿರುತ್ತದೆ.

ಸಂಜೆ ಸೋಮೇಶ್ವರ ದೇವಸ್ಥಾನದ ಹತ್ತಿರ ಹೊಳೆ ಕಡಲು ಸೇರುವ ಕಡೆ ನಡೆಯಿರಿ. ನೀರು ಸರಿದ ಒದ್ದೆ ಮರಳಿನ ಮೇಲೆ ಸಾವಿರಾರು ಪುಟ್ಟ ಮರಳುಂಡೆಗಳು ಕಾಣುತ್ತವೆ, ಗುಲಗಂಜಿಯಷ್ಟು ದಪ್ಪ. ಬೆರಳ ತುದಿಯಷ್ಟಿರುವ ಏಡಿಗಳ ಕೆಲಸ ಅದು. ಏಡಿ ಮರಳನ್ನು ಬಾಯಿಗೆ ಹಾಕಿ, ಅದರಲ್ಲಿನ ಪಾಚಿಯ ಅಂಶವನ್ನು ತಿಂದು, ಉಳಿದದ್ದನ್ನು ಉಂಡೆ ಕಟ್ಟಿ ಬಿಸಾಡುತ್ತದೆ. ನೀವು ಕಾಲಿಟ್ಟರೆ ಎಲ್ಲ ಬಿಲ ಸೇರುತ್ತವೆ. ಅಲುಗಾಡದೆ ಎರಡು ಮೂರು ನಿಮಿಷ ನಿಂತರೆ ಒಂದೊಂದೇ ಹೊರಬಂದು ಕೆಲಸ ಮುಂದುವರಿಸುತ್ತವೆ. ಮುಂದಿನ ಉಬ್ಬರಕ್ಕೆ ಎಲ್ಲ ಅಳಿಸಿಹೋಗುತ್ತದೆ.

ಈಜು ಬರುತ್ತದೆಂದು ಹೊಳೆಬಾಯಿಯಲ್ಲಿ ಮಾತ್ರ ಇಳಿಯಬೇಡಿ. ಇಳಿತದ ಹೊತ್ತಿಗೆ ಹೊಳೆಯ ನೀರೂ ಕಡಲಿನ ನೀರೂ ಒಟ್ಟಿಗೆ ಹೊರಕ್ಕೆ ಎಳೆಯುತ್ತವೆ. ಉಳಿದ ಕಡೆಯೂ ಎರಡು ಅಲೆಸಾಲುಗಳ ನಡುವೆ ಅಲೆಯೊಡೆಯದೆ ಶಾಂತವಾಗಿ, ಸ್ವಲ್ಪ ಕದಡಿದಂತೆ ಕಾಣುವ ಜಾಗವಿದ್ದರೆ ಅದೇ ಅಪಾಯದ್ದು. ದಡಕ್ಕೆ ಬಂದ ನೀರು ವಾಪಸ್ ಹೋಗುವ ಓಣಿ ಅದು. ಕೆರೆ, ಹಳ್ಳದಲ್ಲಿ ಈಜಿದ ನಮ್ಮವರು ಅಲೆ ಇಲ್ಲವೆಂದು ಅಲ್ಲಿಯೇ ಇಳಿಯುತ್ತಾರೆ. ಸಿಕ್ಕಿಬಿದ್ದರೆ ದಡದ ಕಡೆ ಗುದ್ದಾಡದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಅಲೆಯೊಡೆಯುವ ಕಡೆ ಬಂದು ಆಮೇಲೆ ಒಳಗೆ ತಿರುಗಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೊಣಕಾಲು ನೀರೂ ಬೇಡ.

ಸೂರ್ಯಾಸ್ತಕ್ಕೆ ಒತ್ತಿನೆಣೆ ಗುಡ್ಡ ಹತ್ತಿ. ಇಡೀ ತೀರ ಕೆಳಗೆ ಹರಡಿರುತ್ತದೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಮುರಕಲ್ಲಿನ ಮೇಲೆ ರಬ್ಬರ್ ಚಪ್ಪಲಿ ಜಾರುತ್ತದೆ.

ಮಾರನೇ ಬೆಳಿಗ್ಗೆ ಮರವಂತೆ ಅಥವಾ ಕೊಲ್ಲೂರು. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ. ಎಲ್ಲರೂ ಕಡಲಿಗೇ ಮುಖ ಮಾಡಿ ಫೋಟೊ ತೆಗೆಯುತ್ತಾರೆ. ಬೆಳಗಿನ ಹೊತ್ತು ಹೊಳೆಯ ಬದಿಯೇ ಚೆಂದ. ಕೊರೆತ ತಡೆಯಲು ಹಾಕಿದ ಕಲ್ಲುಗಳ ಮೇಲೆ ಮಕ್ಕಳನ್ನು ಬಿಡಬೇಡಿ. ಕೊಲ್ಲೂರು ಸುಮಾರು 30 ಕಿ.ಮೀ., ಮೂಕಾಂಬಿಕಾ ವನ್ಯಜೀವಿಧಾಮದ ಕಾಡು. ಅದರಾಚೆ 1,343 ಮೀಟರ್ ಎತ್ತರದ ಕೊಡಚಾದ್ರಿ. ಇಂಬಳದ ಬಗ್ಗೆ ಮಲೆನಾಡಿನವರಿಗೆ ಹೇಳಬೇಕಿಲ್ಲ.

ಮೀನಿಗಾಗಿಯೇ ಹೋಗುವವರು ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವುದನ್ನು ನೆನಪಿಡಿ. ಆಗ ತಟ್ಟೆಗೆ ಬರುವ ಬಂಗುಡೆ ಹೆಚ್ಚಾಗಿ ಐಸಿನದ್ದು. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಆಗಲೂ ಸ್ವೆಟರ್ ಘಟ್ಟದ ಮೇಲೆಯೇ ಇರಲಿ, ಹತ್ತಿ ಬಟ್ಟೆ ಒಂದು ಜೊತೆ ಹೆಚ್ಚಿಗೆ ಇರಲಿ. ಊರಿಗೆ ಬಂದ ಕೂಡಲೇ ಕಾರಿನ ಅಡಿಭಾಗಕ್ಕೆ ಸಿಹಿನೀರು ಹೊಡೆಸಿ. ಉಪ್ಪು ಉಳಿದರೆ ನಟ್ಟು, ಸೈಲೆನ್ಸರ್‌ಗಳಿಗೆ ಮೊದಲು ತುಕ್ಕು ಹಿಡಿಯುತ್ತದೆ.