ಮೊಳಕೆ ಬರುತ್ತೆ. ಮುಂದೆ ಕೇಳಿ

ನಾನು ಹೊರದೇಶದ ಆನ್‌ಲೈನ್ ಮಾರಾಟಗಾರರಿಂದ ಟೊಮೆಟೊ ಬೀಜ ತರಿಸುತ್ತೇನೆ ಅಂತ ಗೊತ್ತಾದ ಕೂಡಲೇ ಎಲ್ಲರೂ ಕೇಳುವುದು ಒಂದೇ. "ಅಷ್ಟು ದೂರದಿಂದ ಬಂದ ಬೀಜ ಮೊಳಕೆ ಬರುತ್ತಾ?"

ಬರುತ್ತೆ.

ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಈ ಉತ್ತರ ಕೇಳಿದ ಮರುಕ್ಷಣ "ಹಾಗಾದ್ರೆ ಲಿಂಕ್ ಕಳಿಸಿ" ಅನ್ನುತ್ತಾರೆ. ಈ ಎರಡು ಮಾತಿನ ನಡುವೆ ಒಂದು ಗುಂಡಿ ಇದೆ. ನಾನೇ ಅದರಲ್ಲಿ ಬಿದ್ದು ಎದ್ದಿದ್ದೇನೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಲಿಂಕ್ ಕೇಳಿದವರಿಗೆ ಈ ಬರಹದ ಲಿಂಕನ್ನೇ ಕಳಿಸುತ್ತೇನೆ. ಬೇಜಾರಾದರೆ ಆಗಲಿ.

ಟೊಮೆಟೊ ಬೀಜ ಗಟ್ಟಿ ಜೀವ. ಚೆನ್ನಾಗಿ ಒಣಗಿಸಿ ತಂಪಾದ ಜಾಗದಲ್ಲಿಟ್ಟರೆ ನಾಲ್ಕೈದು ವರ್ಷ ಆರಾಮಾಗಿ ಇರುತ್ತದೆ. ಮೂರು ವಾರ ಅಂಚೆ ಚೀಲದಲ್ಲಿ ಕೂತರೆ ಅದಕ್ಕೇನೂ ಆಗುವುದಿಲ್ಲ. ಮಣ್ಣು 25ರಿಂದ 30 ಡಿಗ್ರಿ ಬೆಚ್ಚಗಿದ್ದರೆ ಒಂದು ವಾರದ ಆಸುಪಾಸಿನಲ್ಲಿ ತಲೆ ಎತ್ತುತ್ತದೆ. ಅಸಲಿ ಬೀಜವೂ ಎತ್ತುತ್ತದೆ, ನಕಲಿ ಬೀಜವೂ ಎತ್ತುತ್ತದೆ. ಮೋಸ ಮಾಡುವವನು ಸತ್ತ ಬೀಜ ಯಾಕೆ ಕಳಿಸುತ್ತಾನೆ ಹೇಳಿ? ಒಂದು ಗ್ರಾಂಗೆ ಹತ್ತಿರ ಹತ್ತಿರ 300 ಬೀಜ ಬರುತ್ತವೆ. ಯಾವುದೋ ಸಾದಾ ಕೆಂಪು ಟೊಮೆಟೊದ ಒಳ್ಳೆ ಬೀಜವೇ ಅಷ್ಟು ಅಗ್ಗ. ಸತ್ತ ಬೀಜ ಕಳಿಸಿದರೆ ಹದಿನೈದು ದಿನಕ್ಕೆ ಸಿಕ್ಕಿಬೀಳುತ್ತಾನೆ. ಜೀವ ಇರುವ ಬೀಜ ಕಳಿಸಿದರೆ ನಾಲ್ಕು ತಿಂಗಳು ಅವನನ್ನು ಕೇಳುವವರೇ ಇಲ್ಲ.

"ಬೆಳೆಯುವ ಸಿರಿ ಮೊಳಕೆಯಲ್ಲಿ" ಅಂತ ಗಾದೆ ಕಟ್ಟಿದವರು ಖಂಡಿತ ಆನ್‌ಲೈನ್‌ನಲ್ಲಿ ಬೀಜ ಕೊಂಡವರಲ್ಲ.

ನಾನು ಕೊಂಡದ್ದು ನೀಲಿ ಟೊಮೆಟೊ. ನಗಬೇಡಿ. ಫೋಟೊ ಹಾಗಿತ್ತು. ಆಕಾಶನೀಲಿ ಬಣ್ಣದ ಗೊಂಚಲು, ಮೇಲೆ ನೀರಿನ ಹನಿ, ಕೊಯ್ದ ಹಣ್ಣಿನ ಒಳಗೂ ನೀಲಿ. ಸರಿಯಾಗಿ ನೋಡಿದ್ದರೆ ಪಕ್ಕದ ಎಲೆಯ ಅಂಚಿಗೂ ಒಂಚೂರು ನೀಲಿ ಮೆತ್ತಿಕೊಂಡಿದ್ದು ಕಾಣುತ್ತಿತ್ತು. ಬಣ್ಣ ಹಚ್ಚಿದವನ ಕೈ ಜಾರಿತ್ತು. ನಾನು ಅದನ್ನು ನೋಡಲಿಲ್ಲ, ಕೆಳಗಿದ್ದ ಸ್ಟಾರ್‌ಗಳನ್ನು ನೋಡಿದೆ. ಎಲ್ಲವೂ ಐದಕ್ಕೆ ಐದು.

ಪೊಟ್ಟಣ ಬಂತು. ಹೊರಗಿನ ಚೀಟಿಯಲ್ಲಿ ಒಳಗಿರುವುದು ಕಿವಿಯೋಲೆ ಅಂತ ಬರೆದಿತ್ತು. ಅಲ್ಲೇ ಎಚ್ಚರ ಆಗಬೇಕಿತ್ತು. ನನಗೆ ಖುಷಿಯಾಯಿತು! ಗಡಿಯ ತಪಾಸಣೆಗೆ ಸಿಗದ ಹಾಗೆ ಕಳಿಸಿದ್ದಾನೆ, ಮಾರುವವನು ಎಂಥ ಜಾಣ ಅಂದುಕೊಂಡೆ. ನೂರು ಬೀಜ ಅಂದಿದ್ದ, ಎಣಿಸಿದರೆ 104. ಧಾರಾಳಿ ಬೇರೆ. 30 ಬಿತ್ತಿದೆ, ಏಳನೇ ದಿನಕ್ಕೆ 28 ಮೊಳೆತವು. ಅದೇ ಸಂಜೆ ಮೊಬೈಲಿಗೆ ಸಂದೇಶ ಬಂತು, ವಸ್ತು ಹೇಗಿದೆ ತಿಳಿಸಿ ಅಂತ. ಐದು ಸ್ಟಾರ್ ಕೊಟ್ಟೆ. "ಏಳೇ ದಿನಕ್ಕೆ ಮೊಳಕೆ ಬಂತು, ಥ್ಯಾಂಕ್ಸ್" ಅಂತ ಬರೆದೆ. ಮೊಳಕೆಯ ಫೋಟೊ ಕೂಡ ಹಾಕಿದೆ.

ಆಮೇಲೆ ಸಸಿಗಳನ್ನು ಕುಂಡಕ್ಕೆ ನೆಟ್ಟೆ, ಕೋಲು ಕಟ್ಟಿದೆ, ಎಲೆಯ ಕಂಕುಳಲ್ಲಿ ಬಂದ ಚಿಗುರು ಚಿವುಟಿದೆ. ಬಂದವರಿಗೆಲ್ಲ "ಇದು ನೀಲಿ" ಅಂತ ತೋರಿಸಿದೆ. ಕಾಯಿ ಹಸಿರಾಗಿದ್ದಾಗ "ಇನ್ನೂ ಟೈಮ್ ಬೇಕು" ಅಂದೆ. ಬಿಳಚಿಕೊಂಡಾಗ "ನೋಡಿ, ಬಣ್ಣ ತಿರುಗ್ತಿದೆ" ಅಂದೆ. ಕಿತ್ತಳೆ ಬಣ್ಣ ಬಂದಾಗ ಮಾತು ಬದಲಿಸಿದೆ. ಕೊನೆಗೆ ಎಲ್ಲವೂ ಕೆಂಪಾದವು. ದುಂಡಗಿನ, ಸಾದಾ, ಯಾವ ತಕರಾರೂ ಇಲ್ಲದ ಕೆಂಪು ಟೊಮೆಟೊ. ಇಪ್ಪತ್ತೆಂಟು ಗಿಡದ ತುಂಬ.

ದೂರು ಕೊಡಲು ಹೋದೆ. ಅವಧಿ ಎಂದೋ ಮುಗಿದಿತ್ತು. ಲೆಕ್ಕ ಹಾಕಿ ನೋಡಿ. ಪೊಟ್ಟಣದ ಮೇಲೆ 80 ದಿನ ಅಂತ ಇದ್ದರೆ ಅದು ಸಾಮಾನ್ಯವಾಗಿ ಬಿತ್ತಿದ ದಿನದಿಂದ ಎಣಿಸುವುದಲ್ಲ, ಸಸಿ ನೆಟ್ಟ ದಿನದಿಂದ. ಅದಕ್ಕೆ ಮುಂಚೆ ಸಸಿ ಬೆಳೆಸಲು ಆರೆಂಟು ವಾರ. ಅದಕ್ಕೂ ಮುಂಚೆ ಅಂಚೆಯ ಮೂರು ವಾರ. ಈ ಇಡೀ ವ್ಯಾಪಾರ ನಿಂತಿರುವುದು ಮೊಳಕೆಗೂ ಹಣ್ಣಿಗೂ ನಡುವಿನ ಈ ಅಂತರದ ಮೇಲೆ. ಸ್ಟಾರ್ ಕೊಡುವುದು ಮೊಳಕೆ ನೋಡಿ. ಹಣ್ಣು ಬರುವ ಹೊತ್ತಿಗೆ ಬರೆಯುವ ಉತ್ಸಾಹ ಇರುವುದಿಲ್ಲ. ಬರೆದರೆ ನೀಲಿ ಟೊಮೆಟೊ ನಂಬಿದವರು ಅಂತ ಮಾನ ಬೇರೆ ಹೋಗುತ್ತೆ. ಹಾಗಾಗಿ ನೀವು "ಮೊಳಕೆ ಬರುತ್ತಾ?" ಅಂತ ಕೇಳಿದಾಗ ನಾನು ಸಿಡುಕಿದರೆ ಕಾರಣ ನೀವಲ್ಲ. ಆ ಪ್ರಶ್ನೆಯನ್ನು ನಾನೂ ಕೇಳಿದ್ದೆ, ಅದಕ್ಕೆ ಸರಿಯಾದ ಉತ್ತರವೂ ಸಿಕ್ಕಿತ್ತು.

ಸ್ಟಾರ್‌ಗಳದ್ದು ಇನ್ನೊಂದು ಕತೆ. 2020ರಲ್ಲಿ ಅಮೆರಿಕದ ಎಲ್ಲ 50 ರಾಜ್ಯಗಳಲ್ಲೂ ಜನರಿಗೆ ಕೇಳದೇ ಇದ್ದ ಬೀಜದ ಪೊಟ್ಟಣಗಳು ಅಂಚೆಯಲ್ಲಿ ಬಂದವು. ಎಷ್ಟೋ ಪೊಟ್ಟಣಗಳ ಮೇಲೆ ಒಡವೆ ಅಂತ ಬರೆದಿತ್ತು, ನನ್ನ ಕಿವಿಯೋಲೆಯ ಹಾಗೆ. ಬಿತ್ತಬೇಡಿ ಅಂತ ಅಲ್ಲಿನ ಕೃಷಿ ಇಲಾಖೆ ಹೇಳಿತು. ಇದು "ಬ್ರಶಿಂಗ್" ಇರಬಹುದು ಅಂತಲೂ ಹೇಳಿತು. ಅಂದರೆ ಯಾರದೋ ವಿಳಾಸಕ್ಕೆ ಅಗ್ಗದ ವಸ್ತು ಕಳಿಸಿ, ಅವರೇ ಕೊಂಡ ಹಾಗೆ ತೋರಿಸಿ, ತನಗೆ ತಾನೇ ಹೊಗಳಿಕೆ ಬರೆದುಕೊಳ್ಳುವುದು. ನನ್ನ ವಿಷಯದಲ್ಲಿ ಅವರಿಗೆ ಅಷ್ಟು ಕಷ್ಟವೂ ಆಗಲಿಲ್ಲ. ನಾನೇ ಬರೆದುಕೊಟ್ಟೆ.

ನೀಲಿ ಟೊಮೆಟೊ ಪೂರ್ತಿ ಸುಳ್ಳೂ ಅಲ್ಲ, ಅದೇ ಸಂಕಟ. ಅಮೆರಿಕದ ಓರೆಗಾನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಜಿಮ್ ಮೈಯರ್ಸ್ ಅವರ ತಂಡ ಕಾಡು ಟೊಮೆಟೊಗಳ ಗುಣ ಸೇರಿಸಿ 'ಇಂಡಿಗೊ ರೋಸ್' ಅನ್ನುವ ತಳಿ ಮಾಡಿತು. ಅದರ ಸಿಪ್ಪೆ ಕಪ್ಪಿಗೆ ಹತ್ತಿರದ ನೇರಳೆ. ಅದೂ ಬಿಸಿಲು ಬಿದ್ದ ಕಡೆ ಮಾತ್ರ. ಎಲೆಯ ನೆರಳು ಬಿದ್ದ ಭಾಗ ಹಸಿರಾಗಿಯೇ ಉಳಿದು ಆಮೇಲೆ ಕೆಂಪಾಗುತ್ತದೆ. ಕೊಯ್ದರೆ ಒಳಗೆ ಕೆಂಪೇ. ನಿಜವಾದ ಮಾರಾಟಗಾರ ಇದನ್ನೆಲ್ಲ ಹೇಳುತ್ತಾನೆ, ಅಂದ ಕಮ್ಮಿಯಾದರೂ.

ನಿಮ್ಮ ಪ್ರಶ್ನೆ ಹೀಗಿರಬೇಕಿತ್ತು: "ಈ ಬೀಜ ಬೆಳೆದವರು ಯಾರು?"

ಯಾರೂ ಕೇಳಲ್ಲ. ಕೇಳಿದ್ದರೆ ನಾನು ಅರ್ಧ ಗಂಟೆ ಮಾತಾಡುತ್ತಿದ್ದೆ, ಅದೂ ನಗುನಗುತ್ತಾ. ಒಳ್ಳೆ ತಳಿಗೆ ಹುಟ್ಟೂರು ಇರುತ್ತದೆ. 'ಗ್ರೀನ್ ಝೀಬ್ರಾ' ಅನ್ನುವ ಹಸಿರು ಪಟ್ಟೆಯ ಟೊಮೆಟೊ ಅಮೆರಿಕದಲ್ಲಿ ಹೊಸ ತಳಿ ಮಾಡುವ ಟಾಮ್ ವ್ಯಾಗ್ನರ್ ಮಾಡಿದ್ದು. 'ಚೆರೋಕೀ ಪರ್ಪಲ್' ಬೀಜ 1990ರಲ್ಲಿ ಅಮೆರಿಕದ ಟೆನ್ನೆಸಿಯಿಂದ ಒಬ್ಬರು ಅಂಚೆಯಲ್ಲಿ ಕಳಿಸಿದ್ದು, ಅದು ತಲುಪಿದ್ದು ಹಳೆಯ ತಳಿಗಳನ್ನು ಬೆಳೆಸುವ ಕ್ರೇಗ್ ಲೆಹೂಲಿಯರ್ ಅವರಿಗೆ, ಆ ಹೆಸರಿಟ್ಟವರೂ ಅವರೇ. ಆಗ ಅದಕ್ಕೆ ಫೋಟೊ ಇರಲಿಲ್ಲ, ಸ್ಟಾರ್ ಇರಲಿಲ್ಲ. ಒಂದು ಕಾಗದ ಇತ್ತು. ತಳಿಯ ಹೆಸರೇ ಹೇಳದೆ "ರೇನ್‌ಬೋ ಟೊಮೆಟೊ, 200 ಬೀಜ" ಅಂತ ಮಾರುವವನ ಹತ್ತಿರ ಇಂಥ ಒಂದು ಸಾಲೂ ಸಿಗುವುದಿಲ್ಲ. ಹೈಬ್ರಿಡ್ಡೋ ನಾಟಿಯೋ, ಗಿಡ್ಡ ಗಿಡವೋ ಉದ್ದಕ್ಕೆ ಹೋಗುವುದೋ, ಯಾವ ವರ್ಷದ ಬೀಜ, ಇಷ್ಟನ್ನು ಬರೆದಿರುವ ಪುಟ ಸಿಕ್ಕಿದರೆ ಆಮೇಲೆ ಫೋಟೊ ನೋಡಿ. ಸಸಿಯಲ್ಲೇ ಪರೀಕ್ಷೆ ಮಾಡಬಹುದಾದ ತಳಿಗಳೂ ಇವೆ. 'ಬ್ರಾಂಡಿವೈನ್'ನ ಎಲೆ ಆಲೂಗಡ್ಡೆ ಗಿಡದ ಎಲೆಯ ಹಾಗೆ, ಅಂಚಿನಲ್ಲಿ ಹಲ್ಲುಗಳಿರುವುದಿಲ್ಲ. ಸಾದಾ ಟೊಮೆಟೊ ಎಲೆ ಬಂತು ಅಂದರೆ ಹಣ್ಣಿಗೆ ಕಾಯುವ ಗೋಜಿಲ್ಲ. ಅಲ್ಲಿ ಮಾತ್ರ ಗಾದೆ ಸರಿ.

ಬೀಜ ಬೆಳೆದವರು ಯಾರು ಅಂತ ಕೇಳುವುದಕ್ಕೆ ಇನ್ನೊಂದು ಕಾರಣ ಇದೆ. ಇದರಲ್ಲಿ ನನ್ನ ತಪ್ಪೂ ಇದೆ. ಕಿವಿಯೋಲೆ ಅಂತ ಬರೆದ ಪೊಟ್ಟಣ ನೋಡಿ ಖುಷಿಪಟ್ಟೆ ಅಂದೆನಲ್ಲ, ಅದು ಯಾವ ತಪಾಸಣೆಯೂ ಇಲ್ಲದೆ ಗಡಿ ದಾಟಿದ ಬೀಜ. 2014ರಲ್ಲಿ ಇಸ್ರೇಲ್‌ನಲ್ಲಿ, ಮರುವರ್ಷ ಜೋರ್ಡಾನ್‌ನಲ್ಲಿ ಟೊಮೆಟೊಗೆ ಹೊಸ ವೈರಸ್ ಕಾಣಿಸಿಕೊಂಡಿತು. ಹೆಸರು ಟೊಮೆಟೊ ಬ್ರೌನ್ ರುಗೋಸ್ ಫ್ರೂಟ್ ವೈರಸ್. ಅದು ಬೀಜದ ಸಿಪ್ಪೆಗೆ ಅಂಟಿಕೊಂಡು ಊರೂರು ಸುತ್ತುತ್ತದೆ, ಆಮೇಲೆ ಕೈ, ಕತ್ತರಿ, ಬಟ್ಟೆ ತಗುಲಿದರೂ ಗಿಡದಿಂದ ಗಿಡಕ್ಕೆ ಹೋಗುತ್ತದೆ. ಅದರ ಬಂಧುಗಳಾದ ಹಳೆಯ ವೈರಸ್‌ಗಳನ್ನು ತಡೆದುಕೊಂಡಿದ್ದ ತಳಿಗಳೂ ಇದರ ಮುಂದೆ ಸೋತವು. ಔಷಧಿ ಇಲ್ಲ, ಗಿಡ ಕಿತ್ತು ಹಾಕುವುದೇ. ಅದಕ್ಕೇ 2019ರ ಕೊನೆಯಲ್ಲಿ ಅಮೆರಿಕ ಟೊಮೆಟೊ, ಮೆಣಸಿನ ಬೀಜಗಳ ಆಮದಿನ ನಿಯಮ ಬಿಗಿ ಮಾಡಿತು. ಯುರೋಪಿಯನ್ ಒಕ್ಕೂಟ ಹೊರಗಿನಿಂದ ಬರುವ ಬೀಜಕ್ಕೆ ಫೈಟೋಸ್ಯಾನಿಟರಿ ಸರ್ಟಿಫಿಕೇಟ್, ಅಂದರೆ ರೋಗ ಕೀಟ ಇಲ್ಲ ಅಂತ ಕಳಿಸುವ ದೇಶದ ಸರ್ಕಾರ ಕೊಡುವ ಪತ್ರ, ಬೇಕೇ ಬೇಕು ಅಂದಿತು. ಕುಂಡದಲ್ಲಿ ಮೂರು ಗಿಡ ಬೆಳೆಸುವವರಿಗೆ ಇದು ಅತಿ ಅನ್ನಿಸುತ್ತೆ. ನನಗೂ ಅನ್ನಿಸಿತ್ತು. ಒಮ್ಮೆ ಸರ್ಟಿಫಿಕೇಟ್ ಇಲ್ಲದ ಪೊಟ್ಟಣ ಗಡಿಯಲ್ಲೇ ನಾಶವಾದಾಗ ಇಡೀ ದಿನ ಬೈದಿದ್ದೆ. ಈಗ ಬೈಯುವುದಿಲ್ಲ. ಮೂರು ಕುಂಡದವರ ಪಕ್ಕದಲ್ಲೇ ಮೂರು ಎಕರೆಯವರು ಇರಬಹುದು ಅಲ್ವಾ? ನಿಮ್ಮ ದೇಶದ ನಿಯಮ ಮೊದಲು ಓದಿ. ಅದನ್ನು ಪಾಲಿಸುವ ಮಾರಾಟಗಾರನನ್ನು ಹುಡುಕಿ. ಸಿಗದಿದ್ದರೆ ಬಿಡಿ.

ಬಿಡಬಹುದು, ನಿಜವಾಗಿ. ಹೈಬ್ರಿಡ್ ಅಲ್ಲದ ತಳಿಯಾದರೆ ಒಮ್ಮೆ ಸರಿಯಾಗಿ ಸಿಕ್ಕಿದ ಮೇಲೆ ಮತ್ತೆ ಕೊಳ್ಳುವ ಅಗತ್ಯವೇ ಇಲ್ಲ. ಟೊಮೆಟೊ ಹೆಚ್ಚಾಗಿ ತನ್ನ ಹೂವಿನಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳುವ ಗಿಡ, ಬೀಜ ಬೆರಕೆಯಾಗುವುದು ಕಮ್ಮಿ. ಚೆನ್ನಾಗಿ ಹಣ್ಣಾದದ್ದನ್ನು ಹಿಂಡಿ, ಲೋಳೆಯ ಸಮೇತ ಎರಡು ಮೂರು ದಿನ ಲೋಟದಲ್ಲಿ ಹುಳಿಯಲು ಬಿಡಿ, ತೊಳೆದು ಒಣಗಿಸಿ. ವಾಸನೆ ಬರುತ್ತೆ, ಮನೆಯವರು ಬೈತಾರೆ. ಈಗ ನನ್ನ ಹತ್ತಿರ ಇರುವ ಏಳು ತಳಿಗಳಲ್ಲಿ ಐದರ ಬೀಜ ಬೆಳೆದದ್ದು ಯಾರು ಅಂತ ಕೇಳಿದರೆ ನಾನೇ ಅನ್ನಬಹುದು. ಆದರೆ ನೀವು ಕೇಳುವುದು ಲಿಂಕ್.

ಆ ನೀಲಿ ಟೊಮೆಟೊ ಲಿಂಕ್ ಬೇಕಾದರೂ ಕೊಡುತ್ತಿದ್ದೆ. ಮೊನ್ನೆ ನನ್ನ ಐದು ಸ್ಟಾರ್ ಅಳಿಸೋಣ ಅಂತ ಹಳೆಯ ಆರ್ಡರ್‌ಗಳ ಪಟ್ಟಿ ತೆಗೆದು ಆ ಪುಟಕ್ಕೆ ಹೋದೆ. ಪುಟ ಅದೇ, ಮಾರುವವನೂ ಅವನೇ. ಬೀಜ ಮಾತ್ರ ಇಲ್ಲ, ಅದೇ ಜಾಗದಲ್ಲಿ ಈಗ ಮಡಚುವ ಕೊಡೆ ಮಾರುತ್ತಿದ್ದಾನೆ. ಹಳೆಯ ಸ್ಟಾರ್‌ಗಳೆಲ್ಲ ಹಾಗೇ ಇವೆ. ಕೊಡೆಯ ಕೆಳಗೆ ನನ್ನ ಫೋಟೊ, ಅದರ ಕೆಳಗೆ ನನ್ನ ಮಾತು: "ಏಳೇ ದಿನಕ್ಕೆ ಮೊಳಕೆ ಬಂತು, ಥ್ಯಾಂಕ್ಸ್."