ಇಪ್ಪತ್ತೈದರಲ್ಲಿ ಏಳನೆಯದು

ನಮ್ಮ ನಡುಮನೆಯ ಗೋಡೆಯ ಮೇಲೆ ಎರಡು ಅಂಗೈ ಅಗಲದ ಒಂದು ಎಚಿಂಗ್, ಅಂದರೆ ಆಸಿಡ್‌ನಿಂದ ಕೊರೆದ ಲೋಹದ ತಗಡಿನಿಂದ ಕಾಗದಕ್ಕೆ ಒತ್ತಿದ ಚಿತ್ರ, ಇದೆ. ಮೇಲಿನ ಮುಕ್ಕಾಲು ಭಾಗದಲ್ಲಿ ರವೆ ಚೆಲ್ಲಿದಂಥ ಬೂದು ಹರವು. ಅದರ ಕೆಳಗೆ ಎಡ ಅಂಚಿನಿಂದ ಹೊರಟು, ನಡುವೆ ಒಮ್ಮೆ ತಡವರಿಸಿ, ಬಲಕ್ಕೆ ಸಾಗುವ ಒಂದೇ ಕಪ್ಪು ಗೆರೆ. ಬಿಳಿ ಅಂಚಿನಲ್ಲಿ ಪೆನ್ಸಿಲಿನಿಂದ ಎಡಕ್ಕೆ 7/25 ಎಂದೂ ಬಲಕ್ಕೆ ಕಲಾವಿದೆಯ ಸಹಿಯೂ ಇವೆ. ಕುಮಾರಕೃಪಾ ರಸ್ತೆಯ ಚಿತ್ರಸಂತೆಯಲ್ಲಿ ಕೊಂಡದ್ದು. ಊರಿನಿಂದ ಬಂದಿದ್ದ ಸೋದರಮಾವ ಅದನ್ನು ಬಹಳ ಹೊತ್ತು ನೋಡಿ, "ಗೋಡೆಗೆ ತೇವ ಹಿಡಿದ ಹಾಗಿದೆಯಲ್ಲೋ" ಎಂದರು. ಬೆಲೆ ಕೇಳಿ ತಿಳಿದ ಮೇಲೆ, "ಇಂಥವೇ ಇನ್ನೂ ಇಪ್ಪತ್ತನಾಲ್ಕು ಇರುವಾಗ ಇಷ್ಟು ದುಡ್ಡು ಕೊಟ್ಟೆಯಾ?" ಎಂದರು.

ಮಾವನ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದರ ಹಿಂದೆ, ಎಲ್ಲೋ ಒಂದು ಮೂಲಚಿತ್ರವಿದ್ದು ಇವೆಲ್ಲ ಅದರ ನಕಲುಗಳು ಎಂಬ ಊಹೆ ಇದೆ. ಎಚಿಂಗ್‌ನಲ್ಲಿ ಅಂಥ ಮೂಲಚಿತ್ರವೇ ಇರುವುದಿಲ್ಲ. ಸತುವಿನ ತಗಡಿನ ಮೇಲೆ ರಾಳದ ಪುಡಿ ಉದುರಿಸಿ, ಕಾಯಿಸಿ, ಆಸಿಡ್‌ಗೆ ಇಳಿಸಿದಾಗ ಕಾಳುಗಳ ನಡುವಿನ ಲೋಹ ಕೊರೆದು ಆ ಬೂದು ಹರವು ಹುಟ್ಟುತ್ತದೆ. ಮಸಿ ತುಂಬಿ, ಮೇಲ್ಮೈಯನ್ನು ಬಟ್ಟೆಯಿಂದ ಒರೆಸಿ, ನೆನೆಸಿದ ಕಾಗದವನ್ನು ಹಾಸಿ ಪ್ರೆಸ್ಸಿನ ಉರುಳೆಯಡಿ ಸಾಗಿಸಿದಾಗ ಮಾತ್ರ ಅದು ಚಿತ್ರವಾಗುತ್ತದೆ. ಪ್ರತಿ ಸಲವೂ ಹೊಸದಾಗಿ ಮಸಿ ತುಂಬಬೇಕು, ಹೊಸದಾಗಿ ಒರೆಸಬೇಕು, ಹಾಗಾಗಿ ಒರೆಸುವ ಕೈ ಸ್ವಲ್ಪ ಬಿಗಿಯಾದರೆ ಬೂದು ತಿಳಿಯಾಗುತ್ತದೆ. ದೀಪಕ್ಕೆ ಓರೆಯಾಗಿ ಹಿಡಿದರೆ ತಗಡಿನ ಅಂಚು ಕಾಗದವನ್ನು ಒತ್ತಿದ ತಗ್ಗು ಕಾಣುತ್ತದೆ. ಕಟ್ಟು ಹಾಕಿಸಲು ಕೊಟ್ಟಾಗ ಅಂಗಡಿಯವರು ಆ ತಗ್ಗನ್ನೂ ಅಂಕಿಯನ್ನೂ ಮೌಂಟ್ ಬೋರ್ಡಿನಡಿ ಮುಚ್ಚಿಬಿಟ್ಟಿದ್ದರು. ಬಿಚ್ಚಿಸಿ ಮತ್ತೆ ಮಾಡಿಸಬೇಕಾಯಿತು.

ಅಂಕಿಯ ಬಗ್ಗೆಯೂ ಒಂದು ಮಾತು. ಏಳು ಎಂದರೆ ಏಳನೆಯದಾಗಿ ಪ್ರೆಸ್ಸಿನಿಂದ ಹೊರಬಂದದ್ದು ಎಂದೇನೂ ಅಲ್ಲ. ಒಣಗಿದ ಹಾಳೆಗಳನ್ನು ಒಟ್ಟಿಕೊಂಡು ಆಮೇಲೆ ಸಂಖ್ಯೆ ಹಾಕುವುದೇ ವಾಡಿಕೆ. ಇಲ್ಲಿ ತೂಕವಿರುವುದು ಒಟ್ಟು ಪ್ರತಿಗಳ ಮಿತಿಯಾದ ಇಪ್ಪತ್ತೈದಕ್ಕೆ. ಆಸಿಡ್ ಇಲ್ಲದೆ ತಗಡನ್ನು ನೇರವಾಗಿ ಸೂಜಿಯಿಂದ ಗೀರುವ ಡ್ರೈಪಾಯಿಂಟ್‌ನಂಥ ವಿಧಾನದಲ್ಲಿ ಸೂಜಿ ಎಬ್ಬಿಸಿದ ಲೋಹದ ಸಿಬಿರು ಹತ್ತಿಪ್ಪತ್ತು ಮುದ್ರಣಗಳಲ್ಲೇ ಚಪ್ಪಟೆಯಾಗುವುದರಿಂದ ಮಿತಿ ತಾನಾಗಿಯೇ ಬರುತ್ತದೆ. ಕಂಪ್ಯೂಟರಿನಿಂದ ಮುದ್ರಿಸುವಾಗ ಅಂಥ ತಡೆಯೇ ಇಲ್ಲ. ಮಿತಿ ಬರೀ ಮಾತಿನದು. ಈ ವ್ಯತ್ಯಾಸ ತಿಳಿಯದ ಕಾಲದಲ್ಲಿ ನಾನು ಆನ್‌ಲೈನ್‌ನಲ್ಲಿ ಪ್ರಮಾಣಪತ್ರ ಸಮೇತ "ಲಿಮಿಟೆಡ್ ಎಡಿಷನ್" ಒಂದನ್ನು ತರಿಸಿಕೊಂಡಿದ್ದೆ. ಭೂತಗನ್ನಡಿಯಡಿ ಕಂಡದ್ದು ಇಂಕ್‌ಜೆಟ್ಟಿನ ಚುಕ್ಕಿಗಳು. ಮರುವರ್ಷ ಅದೇ ಚಿತ್ರ ಇನ್ನೊಂದು ಅಳತೆಯಲ್ಲಿ, ಇನ್ನೊಂದು "ಲಿಮಿಟೆಡ್" ಆಗಿ ಮಾರಾಟಕ್ಕಿತ್ತು. ಡಿಜಿಟಲ್ ಮುದ್ರಣ ಕೀಳೆಂದು ನಾನು ಹೇಳುತ್ತಿಲ್ಲ. ಒಂದು ಪೇಂಟಿಂಗಿನ ಫೋಟೋವನ್ನು ಮುದ್ರಣಕಲೆಯ ಹೆಸರಿನಲ್ಲಿ ಮಾರುವುದಕ್ಕೆ ಮಾತ್ರ ನನ್ನ ತಕರಾರು.

ಪ್ರತಿಗಳು ಹಲವಿದ್ದರೂ ಕೃತಿ ಹೇಗೆ ಮೂಲವೇ ಆಗಿರಬಲ್ಲದು ಎಂಬುದಕ್ಕೆ ನಮ್ಮ ನೆರೆಯ ಚಿತ್ತೂರಿನ ಬಳಿಯ ನಂದನೂರಿನಲ್ಲಿ 1925ರಲ್ಲಿ ಹುಟ್ಟಿದ ಮುದ್ರಣ ಕಲಾವಿದ ಕೃಷ್ಣ ರೆಡ್ಡಿಯವರಿಗಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ. ಶಿಲ್ಪಿಯೂ ಆಗಿದ್ದ ಅವರು ಪ್ಯಾರಿಸ್ಸಿನ ಅಟೆಲಿಯೆ 17 ಎಂಬ ಮುದ್ರಣಕಲೆಯ ಕಾರ್ಯಾಗಾರದಲ್ಲಿ ತಗಡನ್ನು ಬೇರೆ ಬೇರೆ ಆಳಕ್ಕೆ ಕೊರೆದು, ಮೆತ್ತನೆಯ ಉರುಳೆಯಿಂದ ತಗ್ಗಿಗೊಂದು ಬಣ್ಣ, ಗಟ್ಟಿ ಉರುಳೆಯಿಂದ ದಿಣ್ಣೆಗೊಂದು ಬಣ್ಣ ಹಚ್ಚುತ್ತಿದ್ದರು; ಎಣ್ಣೆಯ ಪ್ರಮಾಣ ಬೇರೆಯಾದ ಮಸಿಗಳು ಬೆರೆಯದೆ ನಿಲ್ಲುವುದರಿಂದ ಒಂದೇ ಒತ್ತಿಗೆ ಎಲ್ಲ ಬಣ್ಣವೂ ಇಳಿಯುತ್ತಿತ್ತು. ಅದೇ ಅಟೆಲಿಯೆಯಲ್ಲಿ ಕಲಿತ, ಅಲಿಗಡದಲ್ಲಿ ಹುಟ್ಟಿದ ಜರೀನಾ 1999ರಲ್ಲಿ ಮನೆಯ ನೆನಪನ್ನು 36 ಮರದಚ್ಚುಗಳಲ್ಲಿ ಹಿಡಿದರು. ನೇರ ಗೆರೆಗಳು, ಕಪ್ಪು ಚೌಕಗಳು, ಪ್ರತಿಯೊಂದಕ್ಕೂ ಒಂದು ಉರ್ದು ಪದ. ಮುದ್ರಿಸಿದ್ದು 25 ಸೆಟ್. ದೇಶವಿಭಜನೆಯ ನಂತರ ಚದುರಿಹೋದ ಕುಟುಂಬದವರ ಮನೆ ಅದು ಎಂದು ತಿಳಿದ ಮೇಲೆ ಆ ಚೌಕಗಳನ್ನು ಬರೀ ಆಕಾರವೆಂದು ನೋಡುವುದು ಕಷ್ಟ.

ನನ್ನ ಗೋಡೆಯ ಚಿತ್ರಕ್ಕೆ ಅಂಥ ಕಥೆಯೇನೂ ಇಲ್ಲ. ನನಗೆ ಅದು ಒಮ್ಮೊಮ್ಮೆ ಮಂಜಿನಲ್ಲಿರುವ ಕೆರೆ ಏರಿ. ಹೆಚ್ಚಿನ ದಿನ ಏನೂ ಅಲ್ಲ, ಕಣ್ಣು ಆ ಗೆರೆ ತಡವರಿಸುವಲ್ಲಿಗೆ ಹೋಗಿ ನಿಲ್ಲುತ್ತದೆ. ಅದೇಕೆ ಹಾಗಾಯಿತೆಂದು ಕಲಾವಿದೆಯನ್ನು ಅವರ ಕಾರ್ಯಾಗಾರದಲ್ಲೇ ಕೇಳಿದೆ. ಸೂಜಿ ಜಾರಿತು, ಅಳಿಸಲು ಮನಸ್ಸಾಗಲಿಲ್ಲ ಎಂದರು. ತಗಡು ಅಲ್ಲೇ ಕಪಾಟಿನಲ್ಲಿತ್ತು. ಇಪ್ಪತ್ತೈದು ಮುಗಿದೊಡನೆ ಮೂಲೆಯಿಂದ ಮೂಲೆಗೆ ಎರಡು ಅಡ್ಡಗೀರು ಹಾಕಿ ಕೆಡಿಸಿದ್ದರು. ಕೆಡಿಸಿದ್ದಕ್ಕೆ ಸಾಕ್ಷಿಯಾಗಿ ತೆಗೆದ ಒಂದು ಅಚ್ಚನ್ನು ತೋರಿಸಿದರು. ಬೂದು ಹರವಿನ ಮೇಲೆ ಆ ಎರಡು ಗೀರುಗಳು ಎಷ್ಟು ಚೆನ್ನಾಗಿದ್ದವೆಂದರೆ, ಇದನ್ನು ಕೊಡುತ್ತೀರಾ ಎಂದು ಕೇಳಿಯೇಬಿಟ್ಟೆ. ಅವರು ನಕ್ಕು, ಅದು ಮಾರಾಟಕ್ಕಿಲ್ಲ ಎಂದರು.