ಕ್ವಾಡ್ ಬೈಕ್ ಏರುವುದನ್ನು ನೋಡಬೇಡಿ, ಇಳಿಯುವುದನ್ನು ನೋಡಿ

ಭಾವನ ಮನೆಗೆ ಕ್ವಾಡ್ ಬೈಕ್, ಅಂದರೆ ಬೈಕಿನ ಹಾಗೆ ಹ್ಯಾಂಡಲ್ ಹಿಡಿದು ಓಡಿಸುವ ನಾಲ್ಕು ಚಕ್ರದ ಗಾಡಿ, ಬಂದು ಎರಡು ಮಳೆಗಾಲ ಕಳೆಯಿತು. ಕೊಡಗಿನ ಒಂದು ಕಾಫಿ ತೋಟದಿಂದ ಸೆಕೆಂಡ್ ಹ್ಯಾಂಡ್ ತಂದದ್ದು. ಪಿಕಪ್ಪಿನಲ್ಲಿ ಹಗ್ಗ ಕಟ್ಟಿ ತಂದರು. ದಾರಿಯಲ್ಲಿ ಎರಡು ಕಡೆ ಚಹಾಕ್ಕೆ ನಿಲ್ಲಿಸಿದಾಗಲೂ ಜನ ಸುತ್ತ ನಿಂತು "ಇದು ಎಂತದು?" ಅಂತ ಕೇಳಿದರಂತೆ. ಈಗ ಕಾಸರಗೋಡಿನ ಬಾಯಾರು ಕಡೆಯ ಆ ಗುಡ್ಡೆಗೆ ನಾನು ಹೋದಾಗಲೆಲ್ಲ ಯಾರಾದರೊಬ್ಬರು ಕೇಳುವ ಪ್ರಶ್ನೆ ಒಂದೇ: "ಇದು ಗುಡ್ಡೆ ಹತ್ತುತ್ತದಾ?"

ಹತ್ತುತ್ತದೆ ಮಾರಾಯ್ರೆ. ಎಲ್ಲವೂ ಹತ್ತುತ್ತವೆ. ನಾನು ಊರಿಗೆ ವಾಪಸ್ ಬರುವ ಮೊದಲು ನಾಲ್ಕು ವರ್ಷ ನ್ಯೂಜಿಲೆಂಡಿನ ವೈಕಾಟೊದಲ್ಲಿ ಒಂದು ಡೈರಿ ಫಾರ್ಮಿನಲ್ಲಿ ಇದ್ದೆ. ಅಲ್ಲಿ ಬೆಳಗ್ಗೆ ನಾಲ್ಕೂವರೆಗೆ ದನಗಳನ್ನು ಹಾಲು ಕರೆಯುವಲ್ಲಿಗೆ ಹೊಡೆದುಕೊಂಡು ಬರುವುದೇ ಕ್ವಾಡ್ ಮೇಲೆ. ಹೋಂಡಾ, ಯಮಹಾ, ಸುಜುಕಿ ಮೂರನ್ನೂ ಅಲ್ಲಿ ಓಡಿಸಿದೆ, ಊರಲ್ಲಿ ಭಾವನ ಪೊಲಾರಿಸ್. ಇಷ್ಟು ವರ್ಷದಲ್ಲಿ ಏರಿನಲ್ಲಿ ಸಿಕ್ಕಿಬಿದ್ದದ್ದು ಬೆರಳೆಣಿಕೆಯಷ್ಟು ಸಲ. ಹೆದರಿ ಬೆವರಿದ್ದೆಲ್ಲ ಇಳಿಜಾರಿನಲ್ಲೇ. ಆದ್ದರಿಂದ ನಾನು ಈ ಗಾಡಿಗಳನ್ನು ಹೋಲಿಸುವುದು ಸಿಸಿ, ಎಚ್‌ಪಿ ನೋಡಿ ಅಲ್ಲ. ಬ್ರೇಕ್ ಮುಟ್ಟದೆ ಎಷ್ಟು ಮೆಲ್ಲ ಇಳಿಯುತ್ತದೆ, ಅದು ನನ್ನ ಲೆಕ್ಕ.

ನಮ್ಮ ಗುಡ್ಡೆ ಹೇಗೆ ಅಂತ ಗೊತ್ತಿರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಕಾಸರಗೋಡಿನ ಮುರಕಲ್ಲು, ಅಂದರೆ ಜಂಬಿಟ್ಟಿಗೆ ಕಲ್ಲು. ಪೊಸಡಿಗುಂಪೆ ಸಮುದ್ರಮಟ್ಟದಿಂದ ಸಾವಿರ ಅಡಿ ಚಿಲ್ಲರೆ ಅಷ್ಟೆ, ದೊಡ್ಡ ಬೆಟ್ಟ ಏನಲ್ಲ. ಆದರೆ ಅದರ ಸುತ್ತಿನ ಗುಡ್ಡೆಗಳ ಕಾಲುದಾರಿಯಲ್ಲಿ ಬೇಸಗೆಯಲ್ಲಿ ಮುರಕಲ್ಲಿನ ಚೂರು ಗೋಲಿಯ ಹಾಗೆ ಹರಡಿರುತ್ತದೆ. ಮಳೆಗಾಲದಲ್ಲಿ ಪಾರೆಯ ಮೇಲೆ ಪಾಚಿ. ಎರಡರಲ್ಲೂ ಬ್ರೇಕ್ ಹಿಡಿದರೆ ಚಕ್ರ ನಿಲ್ಲುತ್ತದೆ, ಗಾಡಿ ನಿಲ್ಲುವುದಿಲ್ಲ.

ಮೊದಲ ಸಲ ಭಾವನ ಗಾಡಿ ಓಡಿಸಿದ ದಿನದ ಕಥೆ ಹೇಳುತ್ತೇನೆ. ಗೇರು ಗುಡ್ಡೆಯಿಂದ ತೋಟಕ್ಕೆ ಇಳಿಯುವ ದಾರಿ. ಮೇಲೆ ನಿಂತು ನೋಡಿದರೆ ಕೆಳಗೆ ಅಡಿಕೆ ಮರದ ತಲೆಗಳು ಕಾಣುತ್ತವೆ, ಅಷ್ಟು ಕಡಿದು. ನಾನು ನ್ಯೂಜಿಲೆಂಡ್ ರಿಟರ್ನ್ ಅಲ್ವಾ, ಜಂಬದಲ್ಲಿ ಎಡಬ್ಲ್ಯೂಡಿ, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಕೊಡುವ ಬಟನ್ ಒತ್ತಿ, ಥ್ರಾಟಲ್ ಬಿಟ್ಟು, ಹೋಂಡಾ ಇಳಿಸಿದ ಹಾಗೆ ಇಳಿಸಲು ಹೊರಟೆ. ಹತ್ತು ಮಾರು ಸರಿಯಾಗಿಯೇ ಹೋಯಿತು. ಆಮೇಲೆ ಹಿಂದಿನ ಚಕ್ರಗಳು ಚೂರುಗಲ್ಲಿನ ಮೇಲೆ ಜಾರಿ ಗಾಡಿಯ ಬಾಲ ಮೆಲ್ಲ ಎಡಕ್ಕೆ ತಿರುಗತೊಡಗಿತು. ಗಾಡಿ ಅಡ್ಡವಾದರೆ ಮಗುಚುವುದೇ. ಹೆದರಿ ಬ್ರೇಕ್ ಹಿಡಿದೆ. ಕೆಳಗೆ ನಿಂತಿದ್ದ ಭಾವ ಕೂಗಿದ್ದು ಇಷ್ಟೇ: "ಬ್ರೇಕ್ ಬಿಡು ಮಾರಾಯಾ!" ಬಿಟ್ಟೆ. ಮುಂದಿನ ಚಕ್ರ ಉರುಳಿ ಗಾಡಿ ನೇರವಾಯಿತು, ಗೇರು ಮರದ ಬುಡಕ್ಕೆ ಮೂತಿ ತಾಗಿಸಿ ನಿಂತಿತು. ಬಂಪರಿಗೆ ಒಂದು ಗೀರು, ನನ್ನ ಜಂಬಕ್ಕೆ ಸ್ವಲ್ಪ ದೊಡ್ಡದು.

ತಪ್ಪು ನನ್ನದೇ. ಪೊಲಾರಿಸ್ ಸ್ಪೋರ್ಟ್ಸ್‌ಮನ್ 570ರ ಎಡಬ್ಲ್ಯೂಡಿ ಹೇಗೆ ಕೆಲಸ ಮಾಡುತ್ತದೆ ಅಂತ ಓದದೆ ಕೂತದ್ದು. ಅದರಲ್ಲಿ ಮುಂದಿನ ಚಕ್ರಗಳು ಯಾವಾಗಲೂ ಎಳೆಯುವುದಿಲ್ಲ. ಹಿಂದಿನ ಚಕ್ರ ಜಾರಿ ಮುಂದಿನದಕ್ಕಿಂತ ಜೋರಾಗಿ ತಿರುಗಿದಾಗ ಮಾತ್ರ ಮುಂದಿನವು ತಾನಾಗಿ ಹಿಡಿದುಕೊಳ್ಳುತ್ತವೆ. ಏರಿನಲ್ಲಿ ಇದು ಬಹಳ ಚಂದ. ಕೆಸರಲ್ಲಿ ಹಿಂದೆ ಜಾರಿತು ಅನ್ನುವುದರೊಳಗೆ ಮುಂದಿನ ಎರಡೂ ಚಕ್ರ ಎಳೆಯಲು ಶುರು, ಎರಡೂ ಬದಿಯ ಚಕ್ರ ಒಟ್ಟಿಗೆ ತಿರುಗುವಂತೆ ಮಾಡುವ ಡಿಫರೆನ್ಷಿಯಲ್ ಲಾಕ್ (ಡಿಫ್ ಲಾಕ್) ಬೇರೆ ಹುಡುಕುವ ಕೆಲಸವೇ ಇಲ್ಲ. ಆದರೆ ಇಳಿಯುವಾಗ ಲೆಕ್ಕ ತಿರುಗಾಮುರುಗ. ಎಂಜಿನ್ ಹಿಂದಿನ ಚಕ್ರಗಳನ್ನು ಮಾತ್ರ ತಡೆದು ಹಿಡಿಯುತ್ತದೆ, ಮುಂದಿನವು ಸುಮ್ನೆ ಉರುಳುತ್ತಿರುತ್ತವೆ. ಇಳಿಜಾರಿನಲ್ಲಿ ಭಾರವೆಲ್ಲ ಮುಂದೆ, ಹಿಡಿತ ಮಾತ್ರ ಹಗುರವಾದ ಹಿಂದೆ. ಜಾರದೆ ಇನ್ನೇನು? ಇದಕ್ಕೆಂದೇ ಪೊಲಾರಿಸ್‌ನವರು ಕೆಲವು ಮಾದರಿಗಳಲ್ಲಿ ಎಡಿಸಿ ಅಂತ ಒಂದು ವ್ಯವಸ್ಥೆ ಕೊಡುತ್ತಾರೆ, ಅದರಲ್ಲಿ ಇಳಿಯುವಾಗಲೂ ನಾಲ್ಕು ಚಕ್ರಕ್ಕೆ ಎಂಜಿನ್ ತಡೆ ಸಿಗುತ್ತದೆ. ಭಾವನ ಗಾಡಿಯಲ್ಲಿ ಅದಿಲ್ಲ. ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವವರು ಪೈಂಟ್ ನೋಡುವ ಮೊದಲು ಹ್ಯಾಂಡಲ್ ಮೇಲಿನ ಆ ಸ್ವಿಚ್ ನೋಡಿ.

ಹೋಂಡಾ ರ್‍ಯಾಂಚರ್ 420 ಬೇರೆಯೇ ಜಾತಿ. ಪೊಲಾರಿಸ್‌ನಲ್ಲಿ ಚಕ್ರಕ್ಕೆ ಬಲ ಹೋಗುವುದು ಸ್ಕೂಟರಿನ ಹಾಗೆ ಬೆಲ್ಟ್ ಮೂಲಕ. ಇದರಲ್ಲಿ ಬೆಲ್ಟ್ ಇಲ್ಲ, ನಿಜವಾದ ಗೇರ್‌ಬಾಕ್ಸ್. ಫಾರ್ಮಿನಲ್ಲಿದ್ದದ್ದು ಎಡ ಹೆಬ್ಬೆರಳಿನ ಹತ್ತಿರ ಎರಡು ಬಟನ್ ಇರುವಂಥದ್ದು, ಒಂದು ಒತ್ತಿದರೆ ಗೇರ್ ಮೇಲೆ, ಇನ್ನೊಂದು ಒತ್ತಿದರೆ ಕೆಳಗೆ. ಕ್ಲಚ್ ಹಿಡಿಯುವ ರಗಳೆ ಇಲ್ಲ. ಫಸ್ಟ್‌ಗೆ ಹಾಕಿ ಫೋರ್ ವೀಲ್ ಒತ್ತಿ ಬಿಟ್ಟರೆ ಮುದಿ ಎತ್ತು ಇಳಿದ ಹಾಗೆ ತಲೆ ಅಲ್ಲಾಡಿಸುತ್ತ ಇಳಿಯುತ್ತದೆ. ಜುಲೈ ತಿಂಗಳ ಆ ಚಳಿಮಳೆಯಲ್ಲಿ, ಕೈ ಮರಗಟ್ಟಿ ಬ್ರೇಕ್ ಲಿವರ್ ಎಲ್ಲಿದೆ ಅಂತಲೇ ತಿಳಿಯದ ಬೆಳಗುಗಳಲ್ಲಿ, ಜೇಡಿಮಣ್ಣಿನ ಇಳುಕಲಿನಲ್ಲಿ ಅದು ನನ್ನನ್ನು ಕೆಳಗೆ ಮುಟ್ಟಿಸಿದೆ. 420 ಸಿಸಿ, ಲೆಕ್ಕದಲ್ಲಿ ಎಲ್ಲಕ್ಕಿಂತ ಚಿಕ್ಕದು. ತೂಕವೂ 300 ಕಿಲೋಗಿಂತ ಕಡಿಮೆ, ಮಗುಚಿ ಬಿದ್ದರೆ ಇಬ್ಬರು ಸೇರಿ ಎತ್ತಬಹುದು.

ಕೊರತೆ ಇಲ್ಲವೆಂದಲ್ಲ. ಮಾಮೂಲಿ ರ್‍ಯಾಂಚರ್‌ನಲ್ಲಿ ಹಿಂದೆ ಒಂದೇ ಗಟ್ಟಿ ಆಕ್ಸಲ್, ಲಾರಿಗೆ ಇದ್ದ ಹಾಗೆ. ಅದು ನೆಲದಿಂದ ಒಂದು ಗೇಣೂ ಮೇಲಿಲ್ಲ. ಚಕ್ರಗಳ ನಡುವೆ ಒಂದು ಮುರಕಲ್ಲು ತಲೆ ಎತ್ತಿ ಕೂತಿದ್ದರೆ ಅಡಿಗೆ ತಾಗಿ 'ಕಟ್' ಅನ್ನುತ್ತದೆ. ಸ್ಪೋರ್ಟ್ಸ್‌ಮನ್ 570 ನೆಲದಿಂದ ಸುಮಾರು 28 ಸೆಂ.ಮೀ. ಮೇಲಿದೆ, ಹಿಂದಿನ ಎರಡು ಚಕ್ರಗಳೂ ಬೇರೆ ಬೇರೆಯಾಗಿ ಏಳುತ್ತವೆ, ಇಳಿಯುತ್ತವೆ. ಪೊಲಾರಿಸ್ ಮೇಲೆ ಅರ್ಧ ದಿನ ಪದವು ಸುತ್ತಿ ಬಂದರೂ ಸೊಂಟ ಹಿಡಿಯುವುದಿಲ್ಲ. ಗಟ್ಟಿ ಆಕ್ಸಲ್ ಮೇಲೆ ಒಂದು ಗಂಟೆ ಸಾಕು, ರಾತ್ರಿ ನೋವಿನ ಎಣ್ಣೆ ಬೇಕಾಗುತ್ತದೆ. ಆದರೆ ಓರೆ ಜಾಗದಲ್ಲಿ, ಅಂದರೆ ಗುಡ್ಡೆಗೆ ಅಡ್ಡವಾಗಿ ಹೋಗುವಾಗ, ಆ ಗಟ್ಟಿ ಆಕ್ಸಲ್ಲೇ ದೇವರು. ಮೆತ್ತನೆಯ ಸಸ್ಪೆನ್ಷನ್ ಇರುವ ಗಾಡಿ ಕೆಳಗಿನ ಬದಿಗೆ ವಾಲುತ್ತದೆ. ಹಿಂದಿನ ಕ್ಯಾರಿಯರಿನಲ್ಲಿ ಗೊಬ್ಬರದ ಗೋಣಿ ಇದ್ದರಂತೂ ಇನ್ನೂ ಜಾಸ್ತಿ. ಮೊದಲ ಸಲ ವಾಲಿದಾಗ ಹೊಟ್ಟೆಯಲ್ಲಿ ಏನೋ ಕಲಸಿದ ಹಾಗಾಗುತ್ತದೆ.

ಎರಡರ ಒಳ್ಳೆಯದನ್ನೂ ಒಂದರಲ್ಲಿ ಕಂಡದ್ದು ಯಮಹಾ ಗ್ರಿಝ್ಲಿ 700ರಲ್ಲಿ. 686 ಸಿಸಿ. ಇದೂ ಬೆಲ್ಟ್ ಗಾಡಿಯೇ. ಸಾಮಾನ್ಯ ಬೆಲ್ಟ್ ಗಾಡಿಯಲ್ಲಿ ಥ್ರಾಟಲ್ ಬಿಟ್ಟು ನಿಧಾನವಾದರೆ ಬೆಲ್ಟ್ ಸಡಿಲವಾಗಿ ಗಾಡಿ ನ್ಯೂಟ್ರಲ್‌ನ ಹಾಗೆ ಉರುಳಲು ನೋಡುತ್ತದೆ. ಯಮಹಾದವರು ಬೆಲ್ಟ್ ಯಾವಾಗಲೂ ಬಿಗಿಯಾಗಿರುವಂತೆ ಮಾಡಿ, ಗಾಡಿ ಹೊರಡಲು ಬೇರೆಯೇ ಒಂದು ಕ್ಲಚ್ ಇಟ್ಟಿದ್ದಾರೆ. ಫೋರ್ ವೀಲ್ ಒತ್ತಿದರೆ ಎಂಜಿನ್ ತಡೆ ನಾಲ್ಕೂ ಚಕ್ರಕ್ಕೆ ಹೋಗುತ್ತದೆ. ಇಳಿಯುವಾಗ ಯಾರೋ ಹಿಂದಿನಿಂದ ಹಗ್ಗ ಹಿಡಿದು ಮೆಲ್ಲ ಬಿಡುತ್ತಿದ್ದಾರೆ ಅನಿಸುತ್ತದೆ. ಎರಡು ಚಕ್ರ, ನಾಲ್ಕು ಚಕ್ರ, ಡಿಫ್ ಲಾಕ್ ಎಲ್ಲ ಬಲಗೈ ಹತ್ತಿರದ ಬಟನ್‌ಗಳಲ್ಲೇ. ಪವರ್ ಸ್ಟೀರಿಂಗ್ ಇರುವ ಕ್ವಾಡ್ ಮೊದಲು ಬಂದದ್ದೂ ಇದರಲ್ಲೇ, 2007ರಲ್ಲಿ. ಅದನ್ನು ಐಷಾರಾಮ ಅಂತ ನಾನೂ ನಗುತ್ತಿದ್ದೆ. ಕಲ್ಲಿಗೆ ಚಕ್ರ ಬಡಿದು ಹ್ಯಾಂಡಲ್ ತಿರುಗಿ ಹೆಬ್ಬೆರಳು ಉಳುಕಿದ ಮೇಲೆ ನಗುವುದು ನಿಲ್ಲಿಸಿದೆ.

ಹೆಬ್ಬೆರಳು ಅಂದಾಗ ನೆನಪಾಯಿತು. ಬೈಕ್ ಓಡಿಸಿದವರು ಕ್ವಾಡ್‌ಗೆ ಕೂತ ಕೂಡಲೇ ಹ್ಯಾಂಡಲ್ ತಿರುಚಲು ನೋಡುತ್ತಾರೆ. ಇಲ್ಲಿ ಥ್ರಾಟಲ್ ಅಂದರೆ ಬಲ ಹೆಬ್ಬೆರಳಲ್ಲಿ ಒತ್ತುವ ಒಂದು ಚಿಕ್ಕ ಲಿವರ್. ಎರಡು ಗಂಟೆ ಒತ್ತಿದ ಮೇಲೆ ಊಟದ ಎಲೆ ಮುಂದೆ ಕೂತು ಅನ್ನ ಕಲಸುವಾಗ ಗೊತ್ತಾಗುತ್ತದೆ.

ಸುಜುಕಿಯ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ನಾಲ್ಕು ಚಕ್ರದ ಈ ಗಾಡಿಯನ್ನು 1982ರಲ್ಲಿ ಮೊದಲು ಮಾರುಕಟ್ಟೆಗೆ ತಂದವರೇ ಅವರು, ಅಲ್ಲಿಯವರೆಗೆ ಮೂರು ಚಕ್ರದ್ದೇ ಇದ್ದದ್ದು. ಕಿಂಗ್‌ಕ್ವಾಡ್ 500 ಒಳ್ಳೆಯ ಗಟ್ಟಿ ಗಾಡಿ, ಹೇಳಿದ ಕೆಲಸ ಮಾಡುತ್ತದೆ. ನನಗೆ ಅದರ ಮೇಲೆ ಪ್ರೀತಿ ಬರಲಿಲ್ಲ, ಅಷ್ಟೆ.

ಭಾರದ ವಿಷಯ. ಕಂಪೆನಿ ಲೆಕ್ಕದಲ್ಲಿ ರ್‍ಯಾಂಚರ್‌ನ ಹಿಂದಿನ ಕ್ಯಾರಿಯರ್ 60 ಕಿಲೋ, ಹಳೆ 570ರದ್ದು 82, ಗ್ರಿಝ್ಲಿಯದ್ದು 90. ಎಳೆಯುವ ಭಾರ 385, 556, 600 ಕಿಲೋ ಹೀಗೆ. ಕಾಗದದಲ್ಲಿ ಬೆಲ್ಟ್ ಗಾಡಿಗಳೇ ಗೆದ್ದಂತೆ ಕಾಣುತ್ತದೆ, ಎಳೆಯುತ್ತವೆ ಕೂಡ. ಆದರೆ ಬೆಲ್ಟ್ ಗಾಡಿಯಲ್ಲಿ ಒಂದು ಶಿಸ್ತು ಬೇಕು. ಭಾರ ಕಟ್ಟಿಕೊಂಡು ನಡೆಯುವ ವೇಗದಲ್ಲಿ ಏರುವಾಗ ಗೇರ್ ಲಿವರ್ 'ಎಲ್'ನಲ್ಲಿ, ಅಂದರೆ ಲೋನಲ್ಲಿ, ಇರಬೇಕು. ಹೋದ ವರ್ಷ ಟ್ರೇಲರಿನಲ್ಲಿ ಹಟ್ಟಿಗೊಬ್ಬರ ತುಂಬಿ ನಾನು 'ಎಚ್'ನಲ್ಲೇ, ಅಂದರೆ ಹೈನಲ್ಲೇ, ಏರಿಸಿದೆ. ಗಾಡಿ ಹೋಗುತ್ತಿತ್ತಲ್ಲ, ಯಾಕೆ ಬದಲಿಸುವುದು ಅಂತ ಉದಾಸೀನ. ಮೂರನೇ ಟ್ರಿಪ್ಪಿಗೆ ಸುಟ್ಟ ರಬ್ಬರ್ ವಾಸನೆ, ಅಡಿಯಿಂದ ಬಿಳಿ ಹೊಗೆ, ಎಂಜಿನ್ ಕೂಗುತ್ತದೆ, ಚಕ್ರ ತಿರುಗುವುದಿಲ್ಲ. ಕವರ್ ಬಿಚ್ಚಿ ನೋಡಿದರೆ ಬೆಲ್ಟ್ ಒಂದು ಕಡೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಇನ್ನೊಂದು ಕಡೆ ನಾರು ನಾರು. ಗೊಬ್ಬರ ಉಳಿದದ್ದನ್ನು ಬುಟ್ಟಿಯಲ್ಲಿ ಹೊತ್ತೆವು. ಹೊಸ ಬೆಲ್ಟ್ ದೂರದ ಊರಿನ ಒಬ್ಬರು ಇವತ್ತು ನಾಳೆ ಅನ್ನುತ್ತ ಐದು ವಾರಕ್ಕೆ ಕಳಿಸಿದರು. ಈಗ ಒಂದು ಸ್ಪೇರ್ ಬೆಲ್ಟ್ ಸೀಟಿನ ಅಡಿಯಲ್ಲೇ ಇದೆ.

ಇನ್ನೊಂದು, ಗಾಳಿ. ಕ್ವಾಡ್ ಟಯರಿಗೆ ಬೇಕಾದ ಗಾಳಿ 4ರಿಂದ 7 ಪಿಎಸ್ಐ ಅಷ್ಟೆ. ಮುಟ್ಟಿದರೆ ಬೆಂದ ಹಲಸಿನ ತೊಳೆಯ ಹಾಗೆ ಮೆತ್ತಗಿರಬೇಕು, ಕಲ್ಲನ್ನು ಅಪ್ಪಿಕೊಂಡು ಹೋಗುವುದು ಆಗಲೇ. ಒಂದು ಟಯರ್ ಬಿಚ್ಚಿ ಪಂಕ್ಚರ್ ಅಂಗಡಿಗೆ ಕೊಟ್ಟರೆ ಹುಡುಗ "ಗಾಳಿಯೇ ಇಲ್ಲ ಅಣ್ಣ" ಅಂತ 30 ಹೊಡೆದು ಕೊಟ್ಟ. ಅವನ ಮೀಟರಿನಲ್ಲಿ 10ರ ಕೆಳಗೆ ಗೆರೆಯೇ ಇರಲಿಲ್ಲ. ಆ ಟಯರ್ ಹಾಕಿ ಪಾರೆ ಮೇಲೆ ಹೋದಾಗ ಫುಟ್‌ಬಾಲ್ ಮೇಲೆ ಕೂತ ಅನುಭವ. ಕಮ್ಮಿ ಪ್ರೆಶರಿನ ಮೀಟರ್ ಒಂದು ಆನ್‌ಲೈನ್‌ನಲ್ಲಿ ತರಿಸಿಕೊಳ್ಳಿ, ಮೇಲೆ ಹೇಳಿದ ಯಾವ ಗಾಡಿ ಆದರೂ ಸರಿ.

ರಸ್ತೆಗೆ ಇಳಿಸಬಹುದಾ ಅಂತ ಕೇಳುವವರಿಗೆ: ಇಲ್ಲ. ಸಾಮಾನ್ಯ ಕ್ವಾಡ್‌ಗೆ ನಮ್ಮಲ್ಲಿ ಆರ್‌ಸಿ ಆಗುವುದಿಲ್ಲ. 2018ರಲ್ಲಿ ಪೊಲಾರಿಸ್‌ನವರು ಇದೇ 570ನ್ನು ಟ್ರ್ಯಾಕ್ಟರ್ ಲೆಕ್ಕದಲ್ಲಿ ನೋಂದಣಿ ಮಾಡಬಹುದಾದ ಮಾದರಿಯಾಗಿ 7.99 ಲಕ್ಷಕ್ಕೆ ತಂದಿದ್ದರು, ಭಾವನದ್ದು ಅದಲ್ಲ. ಆದ್ದರಿಂದ ನಮ್ಮ ಸವಾರಿ ಎಲ್ಲ ಸ್ವಂತ ಜಾಗದಲ್ಲಿ, ಒಪ್ಪಿಗೆ ಕೊಟ್ಟ ನೆಂಟರ ಗುಡ್ಡೆಯಲ್ಲಿ. ರಾಣಿಪುರಕ್ಕೆ ತೆಗೆದುಕೊಂಡು ಹೋಗೋಣ ಅನ್ನುವ ಗೆಳೆಯರಿದ್ದಾರೆ. ಅದು ಕಾಡು, ನಡೆದುಕೊಂಡು ಹೋಗುವ ಜಾಗ, ಅಲ್ಲಿಗೆ ಚಪ್ಪಲಿ ಸಾಕು.

ಸೀಟು ಉದ್ದ ಇದೆ ಅಂತ ಹಿಂದೆ ಮಕ್ಕಳನ್ನು ಕೂರಿಸುವುದು ಬೇಡ. ಆ ಉದ್ದ ಇರುವುದು ಒಬ್ಬನೇ ಹಿಂದೆ ಮುಂದೆ ಜಾರಲಿಕ್ಕೆ. ಏರಿನಲ್ಲಿ ಮುಂದೆ ಬಾಗಬೇಕು, ಇಳಿಜಾರಿನಲ್ಲಿ ಹಿಂದೆ ಸರಿಯಬೇಕು, ಓರೆಯಲ್ಲಿ ಗುಡ್ಡೆಯ ಬದಿಗೆ ಕುಂಡೆ ಇಳಿಸಬೇಕು. ಹಿಂದೆ ಒಬ್ಬರಿದ್ದರೆ ಇದು ಯಾವುದೂ ಆಗುವುದಿಲ್ಲ. ಮಗುಚಿ ಅಡಿಗೆ ಬಿದ್ದು ಸತ್ತವರು ಜಾಸ್ತಿಯಾಗಿ ಆಸ್ಟ್ರೇಲಿಯಾದಲ್ಲಿ 2021ರ ಅಕ್ಟೋಬರಿನಿಂದ ಫಾರ್ಮ್ ಕೆಲಸದ ಹೊಸ ಕ್ವಾಡ್‌ಗಳಿಗೆ ಹಿಂದೆ ರಕ್ಷಣೆಯ ಕಬ್ಬಿಣದ ಚೌಕಟ್ಟು ಕಡ್ಡಾಯ ಮಾಡಿದರು. ಅದಕ್ಕೆ ಒಪ್ಪದೆ ಹೋಂಡಾ, ಯಮಹಾ ಅಲ್ಲಿ ಆ ಕ್ವಾಡ್‌ಗಳ ಮಾರಾಟವನ್ನೇ ನಿಲ್ಲಿಸಿದವು. ನಮ್ಮ ಫಾರ್ಮಿನ ಗಾಡಿಗಳಿಗೆ ಯಜಮಾನ ಅಂಥ ಬಳೆ ಹಾಕಿಸಿದ್ದ. ಭಾವನ ಗಾಡಿಗೂ ಹಾಕಿಸಬೇಕು ಅಂತ ನಾನು ಹೇಳುತ್ತಲೇ ಇದ್ದೇನೆ, "ಸೋಗೆಗೆ ಸಿಕ್ಕಿಕೊಳ್ತದೆ" ಅಂತ ಅವರ ವಾದ. ತೋಟದೊಳಗೆ ಅದೂ ಸುಳ್ಳಲ್ಲ.

ತೋಟದ ಮಾತು ಬಂತಲ್ಲ. ಅಡಿಕೆ ಸಾಲುಗಳ ನಡುವೆ ಒಂಬತ್ತು ಅಡಿ ಇರುತ್ತದೆ, ಈ ಗಾಡಿಗಳ ಅಗಲ ನಾಲ್ಕು ಅಡಿ, ಆರಾಮ ಅನಿಸಬಹುದು. ನೀರು ಹರಿಯುವ ಕಣಿಗಳನ್ನು ಮರೆಯಬೇಡಿ. ಒಂದು ಬದಿಯ ಚಕ್ರ ಕಣಿಗೆ ಇಳಿದರೆ ಫೋರ್ ವೀಲ್ ಇದ್ದರೂ ಹಲಗೆ ತರಬೇಕು.

ಯಾವುದು ತೆಗೆದುಕೊಳ್ಳಲಿ ಅಂತ ಕೇಳಿದರೆ ಮನಸ್ಸು ಗ್ರಿಝ್ಲಿ ಅನ್ನುತ್ತದೆ. ಬರೀ ಕೆಲಸಕ್ಕಾದರೆ ರ್‍ಯಾಂಚರ್. ಆದರೆ ಇಲ್ಲಿ ಹುಡುಕಿದರೆ ಸಿಗುವುದು, ರಿಪೇರಿ ಮಾಡಿದ ಅನುಭವ ಇರುವ ಕೈಗಳು ಇರುವುದು ಹೆಚ್ಚಾಗಿ ಪೊಲಾರಿಸ್‌ಗೆ. 2011ರಿಂದ ಅವರು ಇಂಡಿಯಾದಲ್ಲಿ ಇದ್ದಾರೆ, ಕೊಡಗಿನ ತೋಟಗಳಲ್ಲಿ ಹಳೆ ಗಾಡಿ ಕಣ್ಣಿಗೆ ಬೀಳುತ್ತವೆ. ಅದನ್ನೇ ತೆಗೆದುಕೊಳ್ಳಿ, ಎಡಿಸಿ ಇರುವುದನ್ನು ಹುಡುಕಿ.

ನಾನಂತೂ ಸದ್ಯಕ್ಕೆ ಏನೂ ಕೊಳ್ಳುವುದಿಲ್ಲ. ಹೋದ ವಾರ "ನಿಮ್ಮದನ್ನೇ ನನಗೆ ಕೊಡಿ ಭಾವ" ಅಂತ ತಮಾಷೆಗೆ ಕೇಳಿದೆ. ಅವರು ಎಲೆಯಡಿಕೆ ಬಾಯಿಗೆ ಹಾಕಿಕೊಂಡು, ಕೀ ತೂಗುಹಾಕುವ ಮೊಳೆಯ ಕಡೆ ಗಲ್ಲ ತೋರಿಸಿ, "ಅಲ್ಲೇ ಉಂಟಲ್ಲ, ಬೇಕಾದಾಗ ತಗೋ. ಪೆಟ್ರೋಲ್ ಮಾತ್ರ ನಿಂದು" ಅಂದರು.